ದಾನಯ್ಯನ ಮೊಣಕಾಲು

ಐದು ಜನ ತುಂಬದೆ ಅರ್ಜುನನ ಈ-ರಿಕ್ಷಾ ಕಾಶಿಯ ನಗ್ವಾ ಬಿಟ್ಟು ಕದಲುತ್ತಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಏಳಕ್ಕೆ ಅದರಲ್ಲಿ ಕೂತಿದ್ದವನು ದಾನಯ್ಯ ಒಬ್ಬನೇ; ತೊಡೆಯ ಮೇಲಿದ್ದ ಚೀಲವನ್ನೂ ಸೇರಿಸಿದರೆ ಇಬ್ಬರು.

ಚೀಲದಲ್ಲಿ ಮಠದ ಯಾತ್ರಿನಿವಾಸದ ಹದಿನೆಂಟು ಕೋಣೆಗಳ ಕೀಲಿಗಳಿದ್ದವು. ಎಲ್ಲಿ ಕಳೆದುಹೋಗುತ್ತವೋ ಎಂದು ಅವುಗಳನ್ನು ದಿನಾ ನಗ್ವಾದ ತನ್ನ ಬಾಡಿಗೆ ಕೋಣೆಗೆ ಒಯ್ಯುವುದು ಅವನ ಪದ್ಧತಿ. ಸೋನಾರ್‌ಪುರದ ಮಠದಲ್ಲಿ ಏಳೂವರೆಗೆ ಅವನ ಸಹಿ ಬೀಳಬೇಕು. ಹೋದ ವಾರ ಎರಡು ಸಲ ತಡವಾಗಿತ್ತು. ಮೂರನೇ ಸಲ ತಡವಾದರೆ ಊರಿಗೆ ಟಿಕೆಟ್ ತೆಗೆಸಿಕೊಡುತ್ತೇನೆಂದು ಮ್ಯಾನೇಜರ್ ಶಿವಮೂರ್ತಯ್ಯ ಹೇಳಿದ್ದರು. ಊರಿನಲ್ಲಿ ದಾನಯ್ಯನಿಗೆ ಯಾರೂ ಇರಲಿಲ್ಲ. ಹಾಗೆ ನೋಡಿದರೆ ಕಾಶಿಯಲ್ಲೂ ಇರಲಿಲ್ಲ.

ನಡೆದರೆ ನಲವತ್ತೇ ನಿಮಿಷವಲ್ಲವೇ ಎಂದು ಮ್ಯಾನೇಜರ್ ಒಮ್ಮೆ ಕೇಳಿದ್ದರು. ಮೊಣಕಾಲು ನೋವು ಎಂದಿದ್ದ.

ಅರ್ಜುನ ಪಾನ್ ಜಗಿಯುತ್ತ ಕನ್ನಡಿ ಒರೆಸುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ದಾನಯ್ಯ ಅವನನ್ನೂ ಅವನ ಬ್ಯಾಟರಿಯನ್ನೂ ಹಿಂದಿಯಲ್ಲಿ ಬೈದ. ಹಿಂದಿ ಸಾಲದೆ ಬಂದಾಗ ಕನ್ನಡದಲ್ಲಿ ಬೈದ. ಅಷ್ಟರಲ್ಲಿ ಮೊಬೈಲ್ ರಿಪೇರಿಯ ಸಮೀರ ಬಂದ. ಇನ್ನಿಬ್ಬರು ಬಂದರು. ಕೊನೆಗೆ ಹೂ ಮಾರುವ ತಾರಾದೇವಿ ಬುಟ್ಟಿ ಸಮೇತ ಬಂದು, ಅದನ್ನು ದಾನಯ್ಯನ ಚೀಲದ ಮೇಲೆ ಇಟ್ಟು, ರಾತ್ರಿ ಏನು ಉಂಡೆ ಎಂದು ವಿಚಾರಿಸಿದಳು. ಬರೀ ಅವಲಕ್ಕಿ ಎಂದಿದ್ದಕ್ಕೆ ರಿಕ್ಷಾದಲ್ಲಿ ಇದ್ದಬದ್ದವರೆಲ್ಲ ಸೇರಿ ಅವನಿಗೆ ಬುದ್ಧಿ ಹೇಳಿದರು. ಮದುವೆ ಮಾಡಿಕೊ ಎಂದು ಒಬ್ಬ, ಐವತ್ತೆರಡಕ್ಕೆ ಬೇಡ ಎಂದು ಇನ್ನೊಬ್ಬ. ಈ ಚರ್ಚೆ ಮುಗಿಯದೆ ಹೊರಡುವುದು ಸರಿಯಲ್ಲವೆಂದು ಅರ್ಜುನನೂ ತಿರುಗಿ ಕೂತ.

ಅಸ್ಸಿ ದಾಟುವಷ್ಟರಲ್ಲಿ ಬ್ಯಾಟರಿ ಕೈಕೊಟ್ಟಿತು. ಎಲ್ಲರಿಗಿಂತ ಮೊದಲು ಇಳಿದು ಹಿಂದಿನಿಂದ ನೂಕಿದವನು ದಾನಯ್ಯ. ಮೊಣಕಾಲು ಆಗ ಒಂದು ಮಾತೂ ಆಡಲಿಲ್ಲ. ಶಿವಾಲದಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದರು. ಅಲ್ಲಿ ಬುಟ್ಟಿ ಮಗುಚಿ, ಐವರೂ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಚೆಂಡುಹೂ ಆರಿಸಿದರು.

"ಭೈಯಾ, ನೀನು ನಡೆದು ಹೋಗು. ನೌಕರಿ ಹೋಗುತ್ತೆ," ಎಂದಳು ತಾರಾದೇವಿ.

"ಮೊಣಕಾಲು," ಎಂದ ದಾನಯ್ಯ.

ಮಠ ತಲುಪಿದಾಗ ಒಂಬತ್ತು. ಬಾಗಲಕೋಟೆಯಿಂದ ಬಂದ ನಲವತ್ತು ಯಾತ್ರಿಕರು ಬೀಗ ಹಾಕಿದ ಕೋಣೆಗಳ ಮುಂದೆ ಗಂಟುಮೂಟೆಗಳ ಮೇಲೆ ಕೂತಿದ್ದರು. ಅವರು ಅವನೊಂದಿಗೆ ಆಡಿದ್ದು ಎರಡೇ ಮಾತು: ಕೀಲಿ ಎಲ್ಲಿ, ಬಿಸಿನೀರು ಎಲ್ಲಿ.

ಶಿವಮೂರ್ತಯ್ಯ ಬೈಯಲಿಲ್ಲ. ಅದಕ್ಕೇ ದಾನಯ್ಯನಿಗೆ ಭಯವಾಯಿತು. ಮೇಜಿನ ಮುಂದೆ ಕೂರಿಸಿ, ಸ್ವಾಮಿಗಳ ಹತ್ತಿರ ಮಾತಾಡಿರುವುದಾಗಿ ಹೇಳಿದರು. ಆಫೀಸಿನ ಎದುರಿನ ಕೋಣೆ ಖಾಲಿ ಇದೆ, ಬಾಡಿಗೆ ಇಲ್ಲ, ಮೊಣಕಾಲಿಗೆ ಮೆಟ್ಟಿಲೂ ಇಲ್ಲ.

"ಇವತ್ತ ಟ್ರಂಕ್ ತಗೊಂಡ ಬಂದ್ಬಿಡ್ರಿ. ನಾಳಿಂದ ಒಂದ ನಿಮಿಷ ತಡ ಆದ್ರೂ ಟಿಕೆಟ್ ಖರೆ."

ಅಡುಗೆಯವರು, ಪೂಜೆಯವರು ಎಲ್ಲ ಬಂದು ನಿನ್ನ ಪುಣ್ಯ ಎಂದರು. ಹೌದೆಂದ ದಾನಯ್ಯ. ಸಂಜೆ ಟ್ರಂಕು ತಂದು ಗೋಡೆಗೆ ಒತ್ತಿ ಇಟ್ಟ. ಬಾಗಿಲಿನಿಂದ ಮ್ಯಾನೇಜರ್ ಮೇಜಿಗೆ ಒಂಬತ್ತು ಹೆಜ್ಜೆ. ಎರಡು ಸಲ ನಡೆದು ನೋಡಿದ. ಊಟದ ಸಾಲಿನಲ್ಲಿ ಸಾರು ಬಡಿಸಿದವರು ಮುಂದಿನ ಎಲೆಗೆ ಹೋದರು. ರಾತ್ರಿ ಏನು ಉಂಡೆ ಎಂದು ಇಲ್ಲಿ ಯಾರೂ ಕೇಳುವ ಹಾಗಿಲ್ಲ, ಎಲ್ಲರೂ ಉಂಡದ್ದು ಅದನ್ನೇ. ಬೆಳಿಗ್ಗೆ ಎದ್ದರೆ ನೇರ ಸಹಿ, ನೇರ ಕೀಲಿ. ದಾನಯ್ಯನಿಗೆ ಇದ್ದಕ್ಕಿದ್ದಂತೆ ಬಹಳ ಬೇಸರವಾಯಿತು. ತನಗೆ ಕಾಶಿಯಲ್ಲಿ ಯಾರೂ ಇಲ್ಲವೆಂದು ಅಂದುಕೊಂಡಿದ್ದು ತಪ್ಪೆಂದು ಅವನಿಗೆ ಆಗ ಗೊತ್ತಾಯಿತು.

ಮಂಗಳವಾರ ಏಳೂವರೆಗೆ ಶಿವಮೂರ್ತಯ್ಯ ಹಾಜರಿ ಪುಸ್ತಕ ತೆರೆದರು. ಎದುರಿನ ಕೋಣೆಗೆ ಬೀಗ ಬಿದ್ದಿತ್ತು. ಸ್ನಾನಕ್ಕೆ ಹೋಗಿರಬೇಕೆಂದು ಹತ್ತು ನಿಮಿಷ ಕಾದರು. ಗಂಗೆಗೇ ಹೋಗಿರಬೇಕೆಂದು ಇನ್ನೂ ಇಪ್ಪತ್ತು ನಿಮಿಷ ಕಾದರು. ಗಂಗಾವತಿಯಿಂದ ಬಂದಿಳಿದ ತಂಡವೊಂದು ಗಂಟುಮೂಟೆಗಳ ಮೇಲೆ ಕೂತಿತು.

ಎಂಟೂಕಾಲಿಗೆ ಗೇಟಿನ ಮುಂದೆ ಅರ್ಜುನನ ರಿಕ್ಷಾ ನಿಂತಿತು. ನಾಳೆ ಇನ್ನೂ ಸ್ವಲ್ಪ ಬೇಗ ಬಾ ಭೈಯಾ ಎಂದು ಒಳಗಿನಿಂದ ಹೆಂಗಸಿನ ದನಿ ಕೇಳಿತು. ಕೀಲಿಚೀಲ ಹಿಡಿದು, ಅಂಗಿಯ ಮೇಲೆಲ್ಲ ಚೆಂಡುಹೂವಿನ ಎಸಳು ಅಂಟಿಸಿಕೊಂಡು ದಾನಯ್ಯ ಇಳಿದ. ಮುಖದಲ್ಲಿ ಇನ್ನೂ ಯಾವುದೋ ಮಾತಿನ ನಗು ಉಳಿದಿತ್ತು.

ಶಿವಮೂರ್ತಯ್ಯ ಕೋಣೆಯ ಬೀಗ ನೋಡಿದರು, ರಿಕ್ಷಾ ನೋಡಿದರು.

"ಎಲ್ಲಿಂದ ಬಂದ್ರಿ?"

"ನಗ್ವಾದಿಂದ್ರಿ."

"ಅಲ್ಲಿಗೆ ಹೆಂಗ ಹೋದ್ರಿ?"

"ಬೆಳಿಗ್ಗೆ ಆರಕ್ಕೆದ್ದು ನಡಕೋತ ಹೋದೆರಿ."

ಶಿವಮೂರ್ತಯ್ಯ ಬಹಳ ಹೊತ್ತು ಅವನ ಮೊಣಕಾಲು ನೋಡಿದರು. ಆಮೇಲೆ ಟಿಕೆಟ್ ತೆಗೆಸಲು ಫೋನ್ ಕೈಗೆತ್ತಿಕೊಂಡರು.

"ಒಂಬತ್ತ ಹೆಜ್ಜಿ ಐತಿ ಆಫೀಸು. ಇವತ್ತ ಯಾಕ ತಡ ಆತು, ಅದನ್ನರ ಹೇಳ್ರಿ."

ದಾನಯ್ಯ ತಲೆ ತಗ್ಗಿಸಿದ.

"ಐದ ಮಂದಿ ತುಂಬಲಿಲ್ರಿ."