ಬ್ರೇಕ್ ಮೇಷ್ಟ್ರು ಎಕೋ ಓಡಿಸಿದ್ದು

“ಎಕೋ ತಾನೇ? ನನಗೆ ಬಿಡು. ನಾಳೆ ನಿನ್ನ ದನಿ ಎದುರಿಗೇ ಕೂತು ಮಾತಾಡಿದ ಹಾಗೆ ಕೇಳಿಸದಿದ್ರೆ ಆಮೇಲೆ ಹೇಳು” ಎಂದು ಬ್ರೇಕ್ ಮೇಷ್ಟ್ರು ಹೆಂಡತಿಯ ಮುಂದೆ ಘೋಷಿಸಿಯೇ ಬಿಟ್ಟರು. ಮೇಷ್ಟ್ರು ಅಂದರೆ ಪಾಠದ ಮೇಷ್ಟ್ರಲ್ಲ, ಕಾರು ಕಲಿಸುವವರು. ಪಕ್ಕದ ಸೀಟಿನಲ್ಲಿ ಕೂತು ತಮ್ಮ ಕಾಲಡಿಯ ಎಕ್ಸ್‌ಟ್ರಾ ಬ್ರೇಕನ್ನು ಇಪ್ಪತ್ತು ವರ್ಷ ತುಳಿದೂ ತುಳಿದೂ, ತಾವು ಪಕ್ಕದಲ್ಲಿಲ್ಲದೆ ಜಗತ್ತಿನಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಲಾರರು ಎಂಬ ಮಹಾಜ್ಞಾನ ಅವರಿಗೆ ಲಭಿಸಿತ್ತು.

ಹೆಂಡತಿಗೆ ಆರು ವರ್ಷಗಳ ಮೇಲೆ ಸಿಕ್ಕ ಮೊದಲ ಇಂಟರ್‌ವ್ಯೂ ಅದು, ಮನೆಯ ಕಂಪ್ಯೂಟರಿನಲ್ಲೇ ವೀಡಿಯೋ ಕಾಲ್ ಮೂಲಕ. ವಾಷಿಂಗ್ ಮೆಷಿನ್ ಕಂಪನಿಯೊಂದರಲ್ಲಿ ಗಿರಾಕಿಗಳ ದೂರನ್ನು ಫೋನಿನಲ್ಲಿ ಕೇಳಿ ದಾರಿ ಹೇಳುವ ಕೆಲಸ. ದನಿಯೇ ಬಂಡವಾಳ. ಆ ದನಿ ಟ್ರಯಲ್ ಕಾಲ್‌ನಲ್ಲಿ ಅವಳ ಅಕ್ಕನಿಗೆ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತ್ತಂತೆ. ಇಯರ್‌ಫೋನ್ ಹಾಕಿಕೋ, ಸ್ಪೀಕರಿನ ಸದ್ದು ಮೈಕಿಗೆ ಹೋಗುವುದಿಲ್ಲ, ಅಷ್ಟೇ ಎಂದಿದ್ದಳು ಅಕ್ಕ. ಇಷ್ಟು ಸುಲಭದ ಉಪಾಯ ಮೇಷ್ಟ್ರ ಘನತೆಗೆ ಹೊಂದೀತೇ? ತಪ್ಪೆಲ್ಲ ಬೋಳು ಗೋಡೆಯದು ಎಂದು ತೀರ್ಪಿತ್ತು, ಮನೆಯ ಕಂಬಳಿ, ರಜಾಯಿ, ಹಾಸಿಗೆಗಳನ್ನೆಲ್ಲ ಕಂಪ್ಯೂಟರಿನ ಸುತ್ತ ಕಟ್ಟಿ, ಮರುದಿನ ಹೆಂಡತಿಯನ್ನು ಆ ಗುಹೆಯೊಳಗೆ ಪ್ರತಿಷ್ಠಾಪಿಸಿದರು.

ಅವಳು ವಾದಕ್ಕಿಳಿಯದೆ ಸುಮ್ಮನೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಅಲ್ಲಿಗೆ ಎಕೋ ಸತ್ತಂತೆಯೇ. ಆದರೆ ಇವಳು ತಡವರಿಸಿದರೆ ಹಿಡಿಯಲು ಒಬ್ಬರು ಬೇಡವೇ? ಮೇಷ್ಟ್ರು ಮನೆಯ ಇಮೇಲಿಗೆ ಬಂದಿದ್ದ ಇಂಟರ್‌ವ್ಯೂ ಲಿಂಕನ್ನೇ ತಮ್ಮ ಫೋನಿನಲ್ಲೂ ಒತ್ತಿ, ಸ್ಪೀಕರನ್ನು ಪೂರ್ತಿ ಏರಿಸಿ, ಹಾಸಿಗೆಯ ಹಿಂದೆ ಅಡಗಿ ಕೂತರು.

ಹೆಂಡತಿ ನಮಸ್ಕಾರ ಅಂದಳು. ಹಾಸಿಗೆಯೂ ನಮಸ್ಕಾರ ಅಂದಿತು. ಇಂಟರ್‌ವ್ಯೂ ಮಾಡುವ ಮೇಡಂ ಕೇಳಿದ ಮೊದಲ ಪ್ರಶ್ನೆ ಮೂರು ಸುತ್ತು ಹೊಡೆದು ಕೊನೆಗೆ ಕುಂಯ್ ಎಂದು ಕಿರುಚಿತು. ಗೋಡೆಯ ಕಿತಾಪತಿ ಇನ್ನೂ ನಿಂತಿಲ್ಲವಲ್ಲ ಎಂದು ಮೇಷ್ಟ್ರು ಗುಹೆಗೆ ಇನ್ನೊಂದು ದಿಂಬು ತುರುಕಿದರು.

“ನಿಮ್ಮ ಹೆಸರಲ್ಲೇ ಇನ್ನೊಂದು ಫೋನೂ ಸೇರ್ಕೊಂಡಿದೆಯಲ್ಲ, ಯಾರದು?” ಎಂದರು ಮೇಡಂ.

ಹೆಂಡತಿಗೆ ಎಲ್ಲ ಅರ್ಥವಾಯಿತು. ಆದರೂ ದನಿ ಏರಿಸಲಿಲ್ಲ.

“ರೀ, ಸ್ಕ್ರೀನ್ ಕೆಳಗೆ ಕೆಂಪು ಬಟನ್ ಇದೆ ನೋಡಿ. ಅದನ್ನ ಒತ್ತಿ.”

“ಕೆಂಪು ಎರಡಿದೆ ಕಣೇ.”

“ಫೋನಿನ ಚಿತ್ರ ಇರೋದು.”

ಮೇಷ್ಟ್ರು ಇನ್ನೊಂದನ್ನು ಒತ್ತಿದರು. ಕ್ಯಾಮೆರಾ ಆನ್ ಆಗಿ ಅವರ ಮೂಗಿನ ಹೊಳ್ಳೆಗಳೆರಡೂ ಪರದೆ ತುಂಬ ದರ್ಶನ ಕೊಟ್ಟವು. ಪರವಾಗಿಲ್ಲ, ಅದರ ಪಕ್ಕದ್ದು ಎಂದಳು ಹೆಂಡತಿ. ನಾಲ್ಕು ನಿಮಿಷ, ಏಳು ತಪ್ಪು ಬಟನ್, ಒಂದೂ ಬೈಗುಳವಿಲ್ಲ. ಕೊನೆಗೂ ಫೋನ್ ಬಾಯಿ ಮುಚ್ಚಿತು.

ಸ್ವಲ್ಪ ಹೊತ್ತಿಗೆ ಅವಳು ಕಂಬಳಿ ಸರಿಸಿ ಹೊರಬಂದು, ಕೆಲಸ ಸಿಕ್ಕಿತು ಎಂದಳು. ನಿಮ್ಮನ್ನು ನಿಭಾಯಿಸಿದ್ದು ನೋಡಿದ ಮೇಲೆ ಮೇಡಂ ಬೇರೆ ಪ್ರಶ್ನೆಯೇ ಕೇಳಲಿಲ್ಲ ಎಂದೂ ಸೇರಿಸಿದಳು.

“ಹೊಸಬರ ಟ್ರೈನಿಂಗ್‌ಗೆ ವಾರಕ್ಕೊಂದ್ಸಲ ನೀವೂ ಬರಬೇಕಂತೆ.”

ಮೇಷ್ಟ್ರ ಎದೆ ಉಬ್ಬಿತು. “ಏನು ಕಲಿಸಬೇಕಂತೆ?”

“ಏನೂ ಕಲಿಸೋದು ಬೇಡ್ವಂತೆ. ಗಿರಾಕಿಯಾಗಿ ಕೂತ್ಕೊಂಡ್ರೆ ಸಾಕಂತೆ.”