ಆರು ಅಡಿ ಗಾರೆಗೆ ಘಟನೋತ್ತರ ಅನುಮತಿ ಕೋರಿ

ಇಂದ,
ಹಿರಿಯ ವಿನ್ಯಾಸಕಿ,
ಹಿನ್ನೆಲೆ ಚಿತ್ರಗಳ ವಿಭಾಗ,
ಎರಡನೇ ಮಹಡಿ, ಕಿಟಕಿ ಇಲ್ಲದ ಕಡೆ.

ಗೆ,
ಮಾನ್ಯ ವ್ಯವಸ್ಥಾಪಕರು,
ಅದೇ ಮಹಡಿ, ಕಿಟಕಿ ಇರುವ ಕಡೆ.

ವಿಷಯ: ಸ್ವಾಗತ ಕೊಠಡಿಯ ಗೋಡೆಗೆ ಅಂಟಿಸಿದ್ದ ಕಾಗದವನ್ನು ಅರ್ಧದಷ್ಟು ಕಿತ್ತು, ಆ ಜಾಗದಲ್ಲಿ ನಿಜವಾದ ಗಾರೆ ಮಾಡಿರುವ ಬಗ್ಗೆ.

ಉಲ್ಲೇಖ: ಸೋಮವಾರ ಬೆಳಿಗ್ಗೆ ತಾವು ಸದರಿ ಗೋಡೆಯ ಮುಂದೆ ನಿಂತು ಮೌಖಿಕವಾಗಿ ಕೇಳಿದ "ಏನ್ರೀ ಇದು?" ಎಂಬ ಪ್ರಶ್ನೆ.

ಮಾನ್ಯರೇ,

ಅರ್ಜಿದಾರಳು ಹನ್ನೊಂದು ವರ್ಷಗಳಿಂದ ವೆಬ್‌ಸೈಟುಗಳ ಹಿನ್ನೆಲೆಗೆ ಚಿತ್ರ ಮಾಡುತ್ತಿದ್ದು, ಒಂದು ಚೌಕದ ಎಡ ಅಂಚು ಬಲ ಅಂಚಿಗೂ ಮೇಲಂಚು ಕೆಳಗಿನ ಅಂಚಿಗೂ ಕೂಡುವಂತೆ ತಿದ್ದಿ, ಎಷ್ಟು ಚೌಕ ಜೋಡಿಸಿದರೂ ಕೂಡುಗೆರೆ ಕಾಣದಂತೆ ನೋಡಿಕೊಳ್ಳುವುದೇ ಆಕೆಯ ಕೆಲಸವೆಂದು ತಮಗೆ ತಿಳಿದೇ ಇದೆ. ತಮ್ಮ ಪ್ರಶ್ನೆಗೆ ಉತ್ತರ ಈ ಕೆಳಗಿನಂತಿದೆ.

1. ಅರ್ಜಿದಾರಳ ತಂದೆ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಮೂರು ವರ್ಷದ ಹಿಂದೆ ಅವರ ಬಲಗೈಗೆ ಲಕ್ವ ಹೊಡೆಯಿತು. ಅಂದಿನಿಂದ ಕುರ್ಚಿ ಹಿಡಿದು ಕೂತವರು ಕೇಳಿದ್ದಕ್ಕೆ ಹ್ಞೂಂ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆದಕಾರಣ, ಅವರ ಕೈಕೆಲಸ ಎಲ್ಲಾದರೂ ಉಳಿಯಲಿ ಎಂದು ಆಕೆ ಮನೆಯ ಅಡುಗೆಮನೆ ಗೋಡೆಯ ಫೋಟೊ ತೆಗೆದು, ಒಂದು ಗೇಣು ಚೌಕ ಕತ್ತರಿಸಿ, ಕಣ್ಣಿಗೆ ಹೊಡೆಯುವ ಗುರುತುಗಳನ್ನೆಲ್ಲ ನಿಯಮದಂತೆ ಅಳಿಸಿ, "ಗಾರೆ-17" ಎಂಬ ಚಿತ್ರ ಸಿದ್ಧಪಡಿಸಿದಳು. ಅದು ತಮಗೆ ಬಹಳ ಹಿಡಿಸಿದ್ದರಿಂದ ತಾವೇ ಅದನ್ನು ಕಾಗದದ ಮೇಲೆ ಮುದ್ರಿಸಿ, ಸದರಿ ಹನ್ನೆರಡು ಅಡಿ ಗೋಡೆಗೆ ಅಂಟಿಸಿದಿರಿ.

2. ಕಳೆದ ಶನಿವಾರ ಆಕೆ ತಂದೆಯವರನ್ನು ಕರೆತಂದು ಅದನ್ನು ತೋರಿಸಿದಳು. ಖುಷಿಪಟ್ಟಾರು ಎಂಬುದು ಆಕೆಯ ಅಂದಾಜು. ಅವರು ಎಡಗೈಯಲ್ಲಿ ಗೇಣು ಹಾಕುತ್ತಾ ಗೋಡೆಯುದ್ದಕ್ಕೂ ನಡೆದುಹೋಗಿ ವಾಪಸು ಬಂದರು.

"ಯಾರಮ್ಮಾ ಈ ಆಸಾಮಿ? ಗೇಣುಗೇಣಿಗೂ ಅದೇ ಗೆರೆ. ಒಂದೇ ಸಲ ಕೈ ಎಳೆದು ಊಟಕ್ಕೆ ಹೋಗ್ಬಿಟ್ಟಿದಾನೆ."

"ಅದು ನಿಂದೇ ಕೈ, ಅಪ್ಪ. ನಮ್ಮ ಅಡುಗೆಮನೆ ಗೋಡೆ."

ಮನೆಗೆ ವಾಪಸಾಗಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅವರು, "ಮಿಕ್ಕಿದ್ದೆಲ್ಲ ಏನು ಮಾಡಿದೆ?" ಎಂದು ಕೇಳಿದರು. ಅಳಿಸಿದೆ ಎನ್ನುವ ಬದಲು ಆಕೆ ದೀಪ ಹಾಕಲು ಒಳಗೆ ಹೋದಳು. ಅವರು ಮಂಚದ ಕೆಳಗಿನಿಂದ ಗಾರೆ ಎಳೆಯುವ ಕರಣೆ ಹುಡುಕಿ ತೆಗೆದರು.

3. ಭಾನುವಾರ ಕಚೇರಿಯ ಕೀಲಿ ಸರದಿಯಂತೆ ಅರ್ಜಿದಾರಳ ಬಳಿ ಇತ್ತು. ಸಿಮೆಂಟು, ಮರಳು ಹೊತ್ತು ಇಬ್ಬರೂ ಬಂದರು. ತಂದೆಯವರು ಕಾಗದದ ಮೂಲೆ ಎಬ್ಬಿಸಿದಾಗ ಆಕೆ ಆಕ್ಷೇಪಿಸಿದ್ದು ನಿಜ. ಆಕ್ಷೇಪಣೆ ಬಲವಾಗಿರಲಿಲ್ಲ ಎಂಬುದೂ ನಿಜ. ಅವರು ಎಡಗೈಯಲ್ಲೇ ಕೆಲಸ ಶುರುಮಾಡಿದರು. ಭುಜಕ್ಕಿಂತ ಮೇಲೆ ಕೈ ಏಳದ ಕಾರಣ ಮೇಲ್ಭಾಗವನ್ನು ಆಕೆಯೇ ಮಾಡಬೇಕಾಯಿತು. ಕರಣೆ ಹಿಡಿದದ್ದು ಅದೇ ಮೊದಲು.

"ಸವರಬೇಡ, ಎಳಿ. ಗೋಡೆ ಅದು, ಕೂಸಲ್ಲ."

ಹೀಗೆ ನಾಲ್ಕು ಗಂಟೆ ಬೈಸಿಕೊಂಡಳು. ಮೂರು ವರ್ಷದಲ್ಲಿ ಅವರು ಆಡಿದ ಒಟ್ಟು ಮಾತಿಗಿಂತ ಇದು ಹೆಚ್ಚಾದ್ದರಿಂದ ಆಕೆ ಬೇಕೆಂದೇ ಒಂದೆರಡು ಕಡೆ ಸವರಿದಳು. ಆರು ಅಡಿ ಮುಗಿಯುವಷ್ಟರಲ್ಲಿ ಅವರ ಎಡಗೈಯೂ ಸೋತಿತು. ಸ್ವಾಗತಕಾರರ ಕುರ್ಚಿಯಲ್ಲಿ ಕೂತು ನೀರು ಕೇಳಿದರು, ಗೋಡೆ ನೋಡಿ ಕೆಟ್ಟದಾಗಿದೆ ಎಂದರು, ನಕ್ಕರು.

4. ಈಗ ಗೋಡೆ ಅರ್ಧ ಕಾಗದ, ಅರ್ಧ ಗಾರೆ. ನಡುವಿನ ಕೂಡುಗೆರೆ ರಸ್ತೆಗೂ ಕಾಣುತ್ತದೆ. ಅದನ್ನು ಮರೆಸುವ ಉಪಾಯ ತನ್ನಲ್ಲಿಲ್ಲವೆಂದು ಅರ್ಜಿದಾರಳು ಈ ಮೂಲಕ ಒಪ್ಪಿಕೊಳ್ಳುತ್ತಾಳೆ.

ಆದ್ದರಿಂದ, ಆದ ಕೆಲಸಕ್ಕೆ ಘಟನೋತ್ತರ ಅನುಮತಿ ನೀಡಿ, ಉಳಿದ ಆರು ಅಡಿಗಾಗಿ ಬರುವ ಭಾನುವಾರವೂ ಕೀಲಿಯನ್ನು ಆಕೆಗೇ ಕೊಡಬೇಕಾಗಿ ಕೋರಿಕೆ. ಹಸಿ ಆರುವವರೆಗೆ ಯಾರೂ ಒರಗದಂತೆ ಆದೇಶವನ್ನೂ ಹೊರಡಿಸುವುದು.

ತಮ್ಮ ವಿಶ್ವಾಸಿಯೆಂದು ಈಗಲೂ ಬರೆದುಕೊಳ್ಳಲು ಬಯಸುವ,
ಅರ್ಜಿದಾರಳು

ಅಡಕಗಳು:
ಕಿತ್ತ ಕಾಗದ, ಒಂದು ಸುರುಳಿ.
ಕುರ್ಚಿಗೆ ಮೆತ್ತಿದ ಸಿಮೆಂಟಿನ ಬಗ್ಗೆ ಸ್ವಾಗತಕಾರರ ದೂರು, ಎರಡು ಪುಟ.

ವಿ.ಸೂ.: ತಮ್ಮ ಕೊಠಡಿಯ ಗೋಡೆಗೂ ಕಾಗದವೇ ಇದೆಯೇ ಎಂದು ತಂದೆಯವರು ವಿಚಾರಿಸಿದ್ದಾರೆ. ಇದ್ದಲ್ಲಿ, ಅಳತೆಗೆ ಯಾವ ದಿನ ಬರಬಹುದೆಂದು ತಿಳಿಸುವುದು.