ಆಮೆಯ ದೀಪ, ನೆರೆಯವರ ಮೊಣಕಾಲು

ಒಂದು ಬಲ್ಬು ಕೊಳ್ಳಲು ವಿಶೇಷ ಬುದ್ಧಿಯೇನೂ ಬೇಕಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಬಸವಕಲ್ಯಾಣ–ಹುಮನಾಬಾದ್ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರಾಗಿರುವವನು ನಾನು. ಸಂತೆಯ ದಿನ ಜನರ ಜೊತೆಗೆ ಮೂರು ಆಡಿನ ಮರಿ, ಎರಡು ಗೋಣಿಚೀಲ, ಒಂದು ಹೊಲಿಗೆ ಯಂತ್ರವನ್ನೂ ಹೊಂದಿಸಿ ನಿಲ್ಲಿಸಿದವನಿಗೆ ಒಂದು ಬಲ್ಬು ಯಾವ ಲೆಕ್ಕ!

ಬಲ್ಬು ಬೇಕಾಗಿದ್ದು ನನ್ನ ಮನೆಯ ಆಮೆಗೆ. ಮನೆಗೆ ಆಮೆ ಯಾಕೆ ಬಂತೆಂಬುದನ್ನೂ ಹೇಳಿಬಿಡುತ್ತೇನೆ. ದಿನವಿಡೀ ಬಸ್ಸಿನಲ್ಲಿ ‘ಮುಂದ ಹೋಗ್ರಿ, ಮುಂದ ಹೋಗ್ರಿ’ ಎಂದು ಕೂಗುವ ನಾನು ನನ್ನ ಮದುವೆಯನ್ನೂ ಹಾಗೇ ಮುಂದಕ್ಕೆ ಕಳಿಸುತ್ತಾ ಬಂದೆ. ಅದು ಮುಂದಿನ ಬಾಗಿಲಿನಿಂದ ಇಳಿದುಹೋಯಿತು. ಈಗ ನನಗೆ ಐವತ್ತೊಂದು. ಮಧ್ಯಾಹ್ನ ಡ್ಯೂಟಿ ಮುಗಿಸಿ, ಕೋಟೆಯ ಹತ್ತಿರದ ಓಣಿಯಲ್ಲಿರುವ ಕಲ್ಲಿನ ಮನೆಯ ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಚಹಾದ ಕಪ್ಪು ಇಟ್ಟಲ್ಲೇ ಇರುತ್ತಿತ್ತು. ಜನರ ಗದ್ದಲ ಸಾಕಾಗಿದೆ, ಒಬ್ಬನೇ ಇರುವುದೇ ಸುಖ ಎಂದು ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ನನಗೆ ಸಾಕಾಗಿದ್ದು ಮನೆಯೊಳಗಿನ ಸದ್ದಿಲ್ಲದಿರುವಿಕೆ.

ನಾಯಿ ಸಾಕೋಣವೆಂದರೆ, ನಸುಕಿನಲ್ಲೇ ಬೀಗ ಹಾಕಿ ಹೋಗುವವನನ್ನು ಅದು ಮಧ್ಯಾಹ್ನದವರೆಗೆ ಕಾಯಬೇಕು. ಹುಮನಾಬಾದಿನಲ್ಲಿ ಬಣ್ಣದ ಮೀನು ಮಾರುವ ಅಂಗಡಿಯವನು ಅಂಗೈಯಗಲದ ಆಮೆಯೊಂದನ್ನು ತೋರಿಸಿದ. ಅದರ ಕಣ್ಣಿನ ಹಿಂದೆ ಕೆಂಪು ಗೆರೆಯಿತ್ತು. “ಇದಕ್ಕ ಯಾರೂ ಬೇಕಾಗಿಲ್ರಿ ಸರ. ತನ್ನ ಪಾಡಿಗಿ ತಾ ಇರತದ” ಎಂದ. ನನ್ನಂಥದ್ದೇ ಜೀವ ಎಂದುಕೊಂಡು ಗಾಜಿನ ತೊಟ್ಟಿಯ ಸಮೇತ ತಂದೆ. ದುಡಿಯದೆ ಉಂಡು ಕೂರುವುದನ್ನು ನೋಡಿ ಸಾಹುಕಾರ ಎಂದು ಹೆಸರಿಟ್ಟೆ. ನಾನು ಬೀಗ ತೆಗೆದ ಸದ್ದಿಗೆ ಸಾಹುಕಾರ ಕುತ್ತಿಗೆ ಚಾಚಿ ನೋಡುತ್ತಿದ್ದ. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಡಿಸೆಂಬರಿನ ಚಳಿ ಬಿದ್ದದ್ದೇ ಸಾಹುಕಾರ ಊಟ ಬಿಟ್ಟ. ಕುತ್ತಿಗೆಯೂ ಹೊರಗೆ ಬರಲಿಲ್ಲ. ಗಾಬರಿಯಾಗಿ ಅಂಗಡಿಯವನಿಗೆ ಫೋನು ಮಾಡಿದೆ. ಆಮೆಯ ಮೈಗೆ ತನ್ನದೇ ಕಾವಿಲ್ಲವಂತೆ, ಹೊರಗಿನಿಂದ ಕೊಡಬೇಕಂತೆ. ತೊಟ್ಟಿಯ ನೀರಿನಲ್ಲಿ ಒಂದು ಒಣ ಕಲ್ಲು ಎದ್ದು ನಿಲ್ಲುವಂತೆ ಇಟ್ಟು, ಅದರ ಮೇಲೆ ಬಿಸಿ ದೀಪ ಹಾಕದಿದ್ದರೆ ಈ ಚಳಿ ದಾಟುವುದಿಲ್ಲವಂತೆ. ಮಾರುವಾಗಲೇ ಹೇಳಬಾರದಿತ್ತೇ ಎಂದರೆ, ನೀವು ಕೇಳಲಿಲ್ಲವಲ್ಲ ಎಂದ.

ತಕ್ಷಣ ಊರಿನ ಕರೆಂಟು ಸಾಮಾನಿನ ಅಂಗಡಿಗೆ ಹೋಗಿ, ಪದೇ ಪದೇ ಸುಟ್ಟುಹೋಗದ, ಗಟ್ಟಿಯಾಗಿ ಬಾಳಿಕೆ ಬರುವ ಬಲ್ಬು ಕೊಡತಕ್ಕದ್ದು ಎಂದು ಅಪ್ಪಣೆ ಮಾಡಿದೆ. ಎರಡು ವರ್ಷದ ಗ್ಯಾರಂಟಿಯ ಎಲ್‌ಇಡಿ ಬಲ್ಬು ಕೊಟ್ಟರು. ಹಚ್ಚಿದ್ದೇ ತಡ, ತೊಟ್ಟಿ ಮದುವೆ ಮಂಟಪದಂತೆ ಜಗಮಗಿಸಿತು! ಸಾಹುಕಾರ ಮಾತ್ರ ನಾಲ್ಕು ದಿನ ಅಲುಗಾಡಲಿಲ್ಲ. ಐದನೆಯ ದಿನ ಎದುರುಮನೆಯ ಗುರಮ್ಮ ಕಾಕಿ ಹೆಪ್ಪಿಗೆ ಮೊಸರು ಕೇಳಲು ಬಂದರು. ಎಪ್ಪತ್ತು ದಾಟಿದ ಅವರು ಬಲ್ಬಿನ ಕೆಳಗೆ ಕೈ ಹಿಡಿದು ಸ್ವಲ್ಪ ಹೊತ್ತು ನಿಂತರು.

“ತಮ್ಮಾ, ಇದರಾಗ ಬಿಸೀನ ಇಲ್ಲಲ್ಲೋ” ಎಂದರು.

ಬಿಸಿಯಾಗದಿರುವುದೇ ಆ ಬಲ್ಬಿನ ದೀರ್ಘಾಯುಷ್ಯದ ಗುಟ್ಟೆಂದು ಆಮೇಲೆ ತಿಳಿಯಿತು. ನಾನು ಆಯುಷ್ಯ ಕೇಳಿದ್ದೆ, ಕಾವು ಕೇಳಿರಲಿಲ್ಲ.

ಮುಡಬಿಯಲ್ಲಿ ಕೋಳಿ ಸಾಕುವ ಒಬ್ಬರು ನನ್ನ ಬಸ್ಸಿನ ಕಾಯಂ ಗಿರಾಕಿ. ಸಂಗತಿ ಕೇಳಿ ಮರುಕಪಟ್ಟು, ಕೋಳಿಮರಿಗಳ ಗೂಡಿಗೆ ಹಾಕುವ ಇನ್ನೂರು ವ್ಯಾಟಿನ ಹಳೆಯ ಕಾಲದ ಬಲ್ಬು ತಂದುಕೊಟ್ಟರು. ಪಿಂಗಾಣಿಯ ಹೋಲ್ಡರಿಗೇ ಹಾಕಬೇಕು ಎಂದೂ ಹೇಳಿದ್ದರಂತೆ. ಆಗ ನಾನು ಚಿಲ್ಲರೆಯ ಜಗಳದಲ್ಲಿದ್ದೆ. ಮನೆಯಲ್ಲಿದ್ದ ಪ್ಲಾಸ್ಟಿಕ್ ಹೋಲ್ಡರಿಗೇ ಸಿಕ್ಕಿಸಿ, ಎದೆಯುಬ್ಬಿಸಿ ಎದುರಿಗೆ ಕೂತೆ. ಅರ್ಧ ಗಂಟೆಯಲ್ಲಿ ಹೋಲ್ಡರು ಹೋಳಿಗೆಯ ಕಣಕದಂತೆ ಮೆತ್ತಗಾಗಿ ಜೋತುಬಿತ್ತು. ಫ್ಯೂಜು ಹಾರಿತು. ಬಲ್ಬು ಕಳಚಿ ನೀರಿಗೆ ಬಿತ್ತು. ಢಮ್!

ಸಾಹುಕಾರನಿಗೆ ಏನೂ ಆಗಲಿಲ್ಲ. ಸುಟ್ಟ ವಾಸನೆಗೆ ಓಣಿಯವರೆಲ್ಲ ಓಡಿಬಂದರು. ನನ್ನ ಮನೆಯೊಳಗೆ ಒಟ್ಟಿಗೆ ಎಂಟು ಜನ ನಿಂತದ್ದು ಅದೇ ಮೊದಲು. ಅವರೆಲ್ಲ ಸರದಿಯಲ್ಲಿ ನನ್ನನ್ನು ಬೈದರು. ನನಗೆ ನಾಚಿಕೆಯಾಗಬೇಕಿತ್ತು, ಆದದ್ದು ಸಂತೋಷ. ಕೂತುಕೊಳ್ಳಿ, ಚಹಾ ಮಾಡುತ್ತೇನೆ ಎಂದೆ. ಮನೆಯಲ್ಲಿದ್ದದ್ದು ಎರಡೇ ಕಪ್ಪು. ನಾನು ಡಬ್ಬಿಗಳ ಹಿಂದೆ ಮೂರನೆಯದನ್ನು ಹುಡುಕುವಷ್ಟರಲ್ಲಿ ಎಲ್ಲರೂ ಹೋಗಿಬಿಟ್ಟಿದ್ದರು.

ಕೊನೆಗೆ ಹುಮನಾಬಾದಿನ ಔಷಧಿ ಅಂಗಡಿಯೊಂದರಲ್ಲಿ ದಾರಿ ಸಿಕ್ಕಿತು. ಸೊಂಟ, ಮೊಣಕಾಲಿಗೆ ಶಾಖ ಕೊಡುವ ಕೆಂಪು ದೀಪ! ಪಿಂಗಾಣಿಯ ಹೋಲ್ಡರು, ಮುಂದೆ ತಂತಿಯ ಜಾಳಿಗೆ, ಬೇಕಾದ ಕಡೆ ಬಗ್ಗಿಸಬಹುದಾದ ಕುತ್ತಿಗೆ. ತೊಟ್ಟಿಯಿಂದ ಒಂದು ಮೊಳ ದೂರದಲ್ಲಿಟ್ಟು ಕಲ್ಲಿನ ಕಡೆಗೆ ತಿರುಗಿಸಿದೆ. ಮೂರನೆಯ ದಿನ ಸಾಹುಕಾರ ಕಲ್ಲು ಹತ್ತಿ, ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ ಮಲಗಿದ. ಸಂಜೆ ಊಟ ಮಾಡಿದ. ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ನೋಡುವವರಿಲ್ಲದ್ದರಿಂದ ಒರೆಸಿಕೊಳ್ಳಲಿಲ್ಲ.

ಇಲ್ಲಿಗೆ ನಿಂತಿದ್ದರೆ ನಾನು ಜಾಣನೆನಿಸಿಕೊಳ್ಳುತ್ತಿದ್ದೆ. ಆದರೆ ಗುರಮ್ಮ ಕಾಕಿ ಬಂದು ನೋಡಿ, ಇದು ಮೊಣಕಾಲಿನ ದೀಪವಲ್ಲವೇ ಎಂದರು. ಮರುದಿನ ಸಂಜೆ ಇಬ್ಬರು ಗೆಳತಿಯರನ್ನೂ ಕರೆತಂದರು. ಮೂವರೂ ತೊಟ್ಟಿಯ ಮುಂದೆ ಚಾಪೆ ಹಾಸಿಕೊಂಡು, ದೀಪದ ಕುತ್ತಿಗೆಯನ್ನು ತಮ್ಮ ಕಡೆ ಬಗ್ಗಿಸಿಕೊಂಡು, ಕಾಲು ನೀಡಿ ಕೂತರು. ಅಳಿಯಂದಿರ ದೂರು, ಹುಲಸೂರಿನ ಯಾರದೋ ಮುರಿದ ನಿಶ್ಚಿತಾರ್ಥ, ಜೋಳದ ರೊಟ್ಟಿ ಯಾಕೆ ಹರಿಯುತ್ತದೆ ಎಂಬ ಚರ್ಚೆ... ಮನೆ ತುಂಬಿತು! ಮರುದಿನವೇ ನಾನು ಆರು ಕಪ್ಪು ತಂದೆ. ದೀಪದ ಜೊತೆ ಬಂದ ಚೀಟಿಯಲ್ಲಿ ಹದಿನೈದು ನಿಮಿಷ ಶಾಖ ಸಾಕೆಂದು ಬರೆದಿತ್ತು. ನಾನು ಒಬ್ಬೊಬ್ಬರಿಗೂ ಒಂದು ತಾಸು ಬೇಕೆಂದು ಹೇಳಿ, ಚೀಟಿಯನ್ನು ಟಿಕೆಟಿನ ಚೀಲದ ತಳಕ್ಕೆ ತುರುಕಿದೆ.

ಒಂದು ವಾರದಲ್ಲಿ ಸಾಹುಕಾರ ಮತ್ತೆ ಊಟ ಬಿಟ್ಟ. ಕಾವೆಲ್ಲ ಆರು ಮೊಣಕಾಲುಗಳಿಗೆ ಹೋದರೆ ಅವನಿಗೆಲ್ಲಿ ಉಳಿಯಬೇಕು? ನನಗೆ ಇದು ಗೊತ್ತಾಗಲಿಲ್ಲವೆಂದು ಹೇಳಲಾರೆ. ಗೊತ್ತಾಗಿತ್ತು. ನಾಳೆ ತಿರುಗಿಸಿದರಾಯಿತು ಎಂದು ದಿನ ದೂಡಿದೆ. ತಿರುಗಿಸಿದರೆ ಚಾಪೆ ಖಾಲಿಯಾಗುತ್ತದಲ್ಲ! ನಂಬಿದ ಮೂಕಪ್ರಾಣಿಯ ಬಿಸಿ ಕದ್ದು ನೆರೆಯವರನ್ನು ಕಟ್ಟಿಹಾಕಿಕೊಂಡವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಹೊಸ ಸಾಮಾನಿಗೆ ಪೂಜೆ ಆಗಿಲ್ಲ ಎಂದು ಗೆಳತಿಯರಲ್ಲೊಬ್ಬರು ನೆನಪಿಸಿದರು. ಪೂಜೆಯಲ್ಲಿ ನಾನು ಪಳಗಿದ ಕೈ. ಅಮಾವಾಸ್ಯೆಗೊಮ್ಮೆ ಬಸ್ಸಿಗೆ ನೀರು ಚಿಮುಕಿಸಿ, ಒದ್ದೆ ವಿಭೂತಿ ಬಳಿದು, ಕಾಯಿ ಒಡೆಯುವವನೇ ನಾನು. ದೀಪಕ್ಕೆ ಪೂಜೆಯೆಂದರೆ ಉರಿಯುವಾಗಲೇ ಆಗಬೇಕು. ಆರಿದ ದೀಪಕ್ಕೆ ಯಾರಾದರೂ ಕೈ ಮುಗಿಯುತ್ತಾರೆಯೇ? ತಾಸು ಹೊತ್ತು ಕಾದು ಕೆಂಪಾಗಿದ್ದ ದೀಪಕ್ಕೆ ಭಕ್ತಿಯಿಂದ ಒಂದು ಬೊಗಸೆ ತಣ್ಣೀರು ಚಿಮುಕಿಸಿದೆ.

ಬಸ್ಸು ಎಂದೂ ಹಾಗೆ ಸಿಡಿದಿರಲಿಲ್ಲ!

ಗಾಜು ಚಾಪೆಯ ತುಂಬ ಹರಡಿತು. ಯಾರಿಗೂ ಗಾಯವಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಬಂದವರು ಹೊಸ್ತಿಲನ್ನು ಹಾರಿ ಹೋದ ವೇಗ ನೋಡಿದರೆ ಚಿಕಿತ್ಸೆ ಪೂರ್ತಿ ಫಲಿಸಿತ್ತು. ಒಬ್ಬನೇ ಕೂತು ಚೂರು ಆರಿಸುವಾಗ ತೊಟ್ಟಿಯ ಕಡೆ ನೋಡಿದೆ. ಸಾಹುಕಾರ ನೀರಿನ ತಳದಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಎತ್ತಿದರೆ ಕಾಲು ಜೋತುಬಿದ್ದವು. ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದುಕೊಂಡು ಕೂತೆ. ಮರುದಿನ ರಜೆ ಹಾಕಿ, ನನ್ನದೇ ಬಸ್ಸಿನಲ್ಲಿ ಟಿಕೆಟು ಕೊಂಡು ಹುಮನಾಬಾದಿಗೆ ಹೋಗಿ ಹೊಸ ದೀಪ ತಂದೆ. ತೊಟ್ಟಿಗೆ ತಿರುಗಿಸಿ, ಯಾರೂ ಬಗ್ಗಿಸದಂತೆ ಅದರ ಕುತ್ತಿಗೆಯನ್ನು ತಂತಿಯಿಂದ ಬಿಗಿದೆ. ನಾಲ್ಕನೆಯ ದಿನ ಅವನು ಕಲ್ಲು ಹತ್ತಿದ.

ಇನ್ನು ಈ ದೀಪ ಆಮೆಗೆ ಮಾತ್ರ ಎಂದು ಗೆಳತಿಯರಿಗೆ ಹೇಳಿಕಳಿಸಿದ್ದೆ. ಅವರು ಬರಲಿಲ್ಲ. ಒಂದು ಸಂಜೆ ಗುರಮ್ಮ ಕಾಕಿ ಬಂದರು.

“ಕಾಕಿ, ಮೊಣಕಾಲಿಗಿ ಕೊಡಾಕ ಆಗಂಗಿಲ್ರಿ” ಎಂದೆ.

“ನನ್ನ ಮೊಣಕಾಲಿಗಿ ಏನಾಗ್ಯಾದೋ? ಗಟ್ಟಿ ಅದಾವ” ಎಂದರು.

ಹಾಗಾದರೆ ಇಷ್ಟು ದಿನ ಬಂದದ್ದು ಶಾಖಕ್ಕಲ್ಲ! ಅಂಗಿಯ ಕಾಲರು ಸರಿಮಾಡಿಕೊಂಡು ಕೇಳಿದೆ, “ಮತ್ತ ದಿನಾ ಯಾಕ ಬರತಿದ್ರಿ?”

“ಆಮಿ ನೋಡಾಕ. ನಿನ್ನ ಏನ್ ನೋಡೂದು ತಮ್ಮಾ, ಬಸ್ಸಿನಾಗ ನೋಡತೀವಲ್ಲ.”

ನಾನು ಚಹಾ ಇಡಲು ಒಳಗೆ ಹೋದೆ. ಹೊರಗೆ ಕಾಕಿ ತಮ್ಮ ಅಳಿಯನ ದೂರನ್ನು ಸಾಹುಕಾರನಿಗೆ ಮೊದಲಿನಿಂದ ಹೇಳತೊಡಗಿದ್ದರು. ಒಲೆಯ ಮುಂದೆ ನಿಂತು ನಾನು ಪ್ರತಿ ಮಾತಿಗೂ ‘ಹೌದ್ರಿ, ಹೌದ್ರಿ’ ಎನ್ನುತ್ತಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.